ಎಕುವಾ ಕಟ್ಟಿದ ಕೊನೆ

ಕಡಲತೀರದ ಊರು ಎಲ್ಮಿನಾದ ಸೇತುವೆ ಪಕ್ಕದ ಎಕುವಾಳ ಅಂಗಡಿಗೆ ಹೆಂಗಸರು ಬರುತ್ತಿದ್ದುದು ಜಡೆ ಹೆಣೆಸಿಕೊಳ್ಳಲು ಎಂಬುದು ಅರ್ಧ ಮಾತ್ರ ನಿಜ. ಸಣ್ಣ ಜಡೆಗಳಾದರೆ ಒಂದು ತಲೆಗೆ ಐದಾರು ತಾಸು ಬೇಕು. ಅಷ್ಟು ಹೊತ್ತೂ ಎಕುವಾ ತಾನು ಓದಿದ ಕಾದಂಬರಿಗಳ ಕಥೆ ಹೇಳುತ್ತಿದ್ದಳು. ಕಾದಂಬರಿ ಬಿಟ್ಟು ಬೇರೆ ಪುಸ್ತಕವನ್ನು ಅವಳು ಕೈಯಲ್ಲೂ ಮುಟ್ಟಿದವಳಲ್ಲ.

ಹಾಗಾಗಿ ಮೀನಿಗೆ ಹೊಗೆ ಕೊಟ್ಟು ಒಣಗಿಸಿ ಮಾರುವ ಮನ್ಸಾ ಒಂದು ದಪ್ಪ ಪುಸ್ತಕ ತಂದುಕೊಟ್ಟಾಗ ಎಕುವಾ ಮೂಗು ಮುರಿದಳು.

"ನೆನಪಿನ ಬಗ್ಗೆ ವಿಜ್ಞಾನವಾ? ಅಯ್ಯೋ ಮಾರಾಯ್ತಿ, ಎರಡು ಪುಟ ಓದೋದ್ರೊಳಗೆ ಗೊರಕೆ ಹೊಡೀತೀನಿ."

"ಮಗಳು ಅಕ್ರಾದಿಂದ ಕಳಿಸಿದಾಳೆ ಕಣೇ. ನನಗೆಲ್ಲಿ ಅಷ್ಟು ಇಂಗ್ಲಿಷ್ ಬರುತ್ತೆ? ನೀನು ಓದಿ, ಒಳಗೇನಿದೆ ಅಂತ ಹೇಳು ಸಾಕು."

ಎಕುವಾಗೆ ಗೊರಕೆ ಬರಲಿಲ್ಲ. ಭಾನುವಾರ ಚರ್ಚಿನಿಂದ ಬಂದವಳು ಒಲೆಯ ಮೇಲಿಟ್ಟ ಸಾರು ಸೀದರೂ ಏಳಲಿಲ್ಲ. ಸಾವಿರಾರು ಕಡೆ ಬೀಜ ಹೂತಿಟ್ಟು ತಿಂಗಳಾದರೂ ಜಾಗ ನೆನಪಿಟ್ಟುಕೊಳ್ಳುವ ಹಕ್ಕಿ, ಇಪ್ಪತ್ತು ವರ್ಷದ ಹಿಂದಿನ ಯಾವ ದಿನ ಮಳೆ ಬಂತೆಂದು ಹೇಳಬಲ್ಲ ಹೆಂಗಸು, ಎಲ್ಲರೂ ಅವಳಿಗೆ ಕಾದಂಬರಿಯ ಪಾತ್ರಗಳಂತೆಯೇ ಕಂಡರು. ಎಲ್ಲಕ್ಕಿಂತ ಹಿಡಿಸಿದವನು ಒಬ್ಬ ಗಡಿಯಾರ ರಿಪೇರಿಯವನು. ಜ್ವರದಲ್ಲಿ ನೆನಪಿನ ಶಕ್ತಿ ಕಳೆದುಕೊಂಡ ಅವನು, ಹೆಂಡತಿ ಅಡುಗೆಮನೆಯಿಂದ ಬಂದರೂ ವರ್ಷಗಟ್ಟಲೆ ದೂರವಿದ್ದು ಬಂದವಳೆಂಬಂತೆ ಎದ್ದು ಬರಮಾಡಿಕೊಳ್ಳುತ್ತಿದ್ದ. ಆದರೆ ನಾಲ್ಕು ಪುಟ ಆಗುತ್ತಲೇ ಲೇಖಕ ಅವನನ್ನು ಅಲ್ಲೇ ಬಿಟ್ಟು ಮಿದುಳಿನ ಭಾಗಗಳ ಕಡೆಗೆ ಹೊರಟುಹೋದ. ಆಮೇಲೇನಾಯಿತು? ಎಕುವಾಗೆ ತಡೆಯಲಾಗಲಿಲ್ಲ. ಕೊನೆಯನ್ನು ತಾನೇ ಕಟ್ಟಿಕೊಂಡಳು.

ಶನಿವಾರ ಮನ್ಸಾಳ ತಲೆ ಹೆಣೆಯುತ್ತಾ ಕಥೆ ಶುರು ಮಾಡಿದಳು. ಬೆಂಚಿನ ಮೇಲೆ ಇನ್ನೂ ಮೂವರು ಕಾದಿದ್ದರು. ಗಡಿಯಾರದವನ ಗಲಿಬಿಲಿಯನ್ನು ಎಕುವಾ ನಟಿಸಿ ತೋರಿಸಿದಳು. ಕಡೆಗೆ ಹೆಂಡತಿ ಬೇಸತ್ತು ಬ್ರೆಡ್ ಮಾರುವವನ ಜೊತೆ ಓಡಿಹೋದಳು, ಇವನಿಗೆ ಗೊತ್ತೇ ಆಗಲಿಲ್ಲ, ಪಕ್ಕದ ಮನೆಯವಳನ್ನೇ ಹೆಂಡತಿಯೆಂದು ಅಪ್ಪಿಕೊಂಡ ಎಂದು ಮುಗಿಸಿದಳು.

"ಅದೃಷ್ಟ ಅಂದ್ರೆ ಅವನದು! ದಿನಕ್ಕೊಬ್ಬಳು ಹೊಸ ಹೆಂಡ್ತಿ!" ಎಂದು ಬೆಂಚಿನ ಮೇಲಿದ್ದ ಅಡ್ವೋಬಾ ತೊಡೆ ತಟ್ಟಿ ನಕ್ಕಳು. ಅಂಗಡಿಯೇ ನಕ್ಕಿತು.

ಮನ್ಸಾ ತಲೆ ಎತ್ತದೆ ಕೇಳಿದಳು. "ಹೆಂಡ್ತಿ ಬಿಟ್ಟುಹೋದಳು ಅಂತ ಪುಸ್ತಕದಲ್ಲೇ ಬರೆದಿದೆಯಾ?"

"ಮತ್ತೆ? ನಾನೇನು ಸುಳ್ಳು ಹೇಳ್ತೀನಾ? ದೊಡ್ಡ ದೊಡ್ಡ ಡಾಕ್ಟರುಗಳ ಮಾತು ಅದು!"

ಅಂದು ಮನ್ಸಾ ಪುಸ್ತಕವನ್ನು ಅಂಗಡಿಯಲ್ಲೇ ಮರೆತು ಹೋದಳು. ಹತ್ತು ದಿನವಾದರೂ ಬಾರದಿದ್ದಾಗ, ಎಕುವಾ ಅದನ್ನು ಕೊಡಲು ತಾನೇ ಅವಳ ಮನೆಗೆ ಹೋದಳು. ಹಿತ್ತಲಿನಲ್ಲಿ ಮಣ್ಣಿನ ಒಲೆಗಳು ಹೊಗೆಯಾಡುತ್ತಿದ್ದವು. ಗೋಡೆಗೊರಗಿ ಮನ್ಸಾಳ ಗಂಡ ಕೊಬಿನಾ ಕುಳಿತಿದ್ದ. ಅವನು ದೂರದ ಟೆಮಾ ಬಂದರಿನಲ್ಲಿ ಕೆಲಸಕ್ಕಿದ್ದಾನೆಂದೇ ಊರೆಲ್ಲ ನಂಬಿತ್ತು.

ಮನ್ಸಾ ಮೀನಿನ ತಟ್ಟೆ ಹಿಡಿದು ಹೊರಬಂದಳು. ಕೊಬಿನಾ ತಟ್ಟನೆ ಎದ್ದು ನಿಂತ.

"ಮನ್ಸಾ! ಬಂದ್ಯಾ! ಎಷ್ಟು ಕಾಲ ಆಯ್ತೇ ನಿನ್ನ ಮುಖ ನೋಡಿ!"

"ಬಂದೆ, ಕೂತ್ಕೊ."

ಅವಳು ಒಳಹೋಗಿ ಉಪ್ಪು ತಂದಳು. ಅವನು ಮತ್ತೆ ಎದ್ದ, ಅದೇ ಸಂತೋಷ, ಅದೇ ಮಾತು. ಎಕುವಾಳ ಮುಖಕ್ಕೆ ರಕ್ತ ನುಗ್ಗಿತು. ತಾನು ಅಂಗಡಿಯಲ್ಲಿ ನಟಿಸಿ ತೋರಿಸಿದ್ದು ಇದನ್ನೇ. ಓಡಿಹೋಗೋಣವೆನ್ನಿಸಿತು. 

"ಹೋದ ವರ್ಷ ಮಿದುಳಿಗೆ ಜ್ವರ ಏರಿತು" ಎಂದಳು ಮನ್ಸಾ. "ಯಾರಿಗೂ ಹೇಳಿಲ್ಲ."

"ಅವತ್ತೇ ನನ್ನ ಬಾಯಿ ಮುಚ್ಚಿಸಬಾರದಾಗಿತ್ತಾ?"

"ಎಲ್ಲರೂ ನಗ್ತಿದ್ರಲ್ಲ, ಹೇಗೆ ಹೇಳಲಿ? ನಗು ಹಾಳಾಗಿ ಹೋಗಲಿ, ಡಾಕ್ಟರುಗಳೇ ಬರೆದಿದ್ದಾರೆ ಅಂದ್ಯಲ್ಲ. ಹಾಗಾದ್ರೆ ನಾನೂ ಒಂದಿನ ಬಿಟ್ಟುಹೋಗ್ತೀನೇನೋ ಅಂದ್ಕೊಂಡೆ. ಹತ್ತು ದಿನದಿಂದ ಹೋಗೋಳ ಥರಾನೇ ಇವನ ಮುಖ ನೋಡ್ತಿದೀನಿ."

"ಅವಳು ಹೋದಳು ಅಂತ ಪುಸ್ತಕದಲ್ಲಿಲ್ಲ ಮನ್ಸಾ." ಎಕುವಾಳ ದನಿ ಸಣ್ಣಗಾಯಿತು. "ಅದು ನಾನೇ ಕಟ್ಟಿದ್ದು."

"ಕಟ್ಟಿದ್ದಾ? ಯಾಕೆ?"

"ಕಥೆಗೆ ಕೊನೆ ಇರಲಿಲ್ಲ."

ಬಾಯಿಂದ ಬಂದ ಆ ಉತ್ತರ ಅವಳಿಗೇ ಅಸಹ್ಯವಾಯಿತು. ಮನ್ಸಾ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಒದ್ದೆ ಕೈ ಒರೆಸಿಕೊಂಡು ಸ್ಟೂಲಿನ ಮೇಲೆ ಕುಳಿತು, "ಓದು. ಇದ್ದಿದ್ದು ಇದ್ದ ಹಾಗೇ ಹೇಳು" ಎಂದಳಷ್ಟೆ.

ಎಕುವಾ ನಾಲ್ಕು ಪುಟವನ್ನೂ ಒಂದೊಂದೇ ಸಾಲಾಗಿ ಇಂಗ್ಲಿಷಿನಿಂದ ತಮ್ಮೂರ ಭಾಷೆಗೆ ತಿರುಗಿಸಿ ಹೇಳಿದಳು. ಅಂಗಡಿಯಲ್ಲಿ ನಗು ಬಾರದೆಂದು ಬಿಟ್ಟಿದ್ದ ಒಂದು ಸಾಲೂ ಅದರಲ್ಲಿತ್ತು. ನಿಮಗೆ ಯಾವುದು ಕಷ್ಟ ಎಂದು ಕೇಳಿದವರಿಗೆ ಆ ಹೆಂಡತಿ ಹೇಳಿದ್ದಳು: 'ಬಂದೆ' ಅನ್ನುವ ಮಾತನ್ನು ನಲವತ್ತನೆಯ ಸಲವೂ ಮೊದಲನೆಯ ಸಲದ ದನಿಯಲ್ಲೇ ಹೇಳುವುದು.

"ಇನ್ನೊಂದ್ಸಲ ಓದು" ಎಂದಳು ಮನ್ಸಾ.

ಮುಂದಿನ ಶನಿವಾರ ಎಕುವಾ ಅಂಗಡಿಯಲ್ಲಿ, ಗಡಿಯಾರದವನ ಹೆಂಡತಿ ಓಡಿಹೋದಳೆಂದು ಪುಸ್ತಕದಲ್ಲಿಲ್ಲ, ನಾನು ಹೇಳಿದ್ದು ಸುಳ್ಳು ಎಂದಳು.

"ಹೋಗೇ, ಮೊದಲನೇದೇ ಚೆನ್ನಾಗಿತ್ತು" ಎಂದಳು ಅಡ್ವೋಬಾ. "ಇದರಲ್ಲಿ ಏನಿದೆ ಸ್ವಾರಸ್ಯ?"

ಯಾಕೆ ತಿದ್ದಿದೆನೆಂದು ಎಕುವಾ ಹೇಳುವಂತಿರಲಿಲ್ಲ. ಮುಂದಿನ ಜಡೆಗೆ ಕೂದಲು ಬಿಡಿಸಿದಳು.

ಮನ್ಸಾ ಮತ್ತೆ ಅಂಗಡಿಗೆ ಬರಲಿಲ್ಲ. ಊರಿನ ಕಟ್ಟಳೆಯಂತೆ ದೋಣಿಗಳು ಕಡಲಿಗಿಳಿಯದ ಮಂಗಳವಾರಗಳಲ್ಲಿ ಎಕುವಾಳೇ ಬಾಚಣಿಗೆ ಹಿಡಿದು ಆ ಹಿತ್ತಲಿಗೆ ಹೋಗಿ ಜಡೆ ಹಾಕತೊಡಗಿದಳು. ಅಲ್ಲಿ ಕಥೆ ಹೇಳುತ್ತಿರಲಿಲ್ಲ. ಕೊಬಿನಾ ಪ್ರತಿ ಸಲವೂ ನಗುತ್ತಾ, "ಯಾರಮ್ಮಾ ನೀನು?" ಎಂದು ಕೇಳುತ್ತಿದ್ದ. ಹೆಸರು ಹೇಳುವಾಗ ಪ್ರತಿ ಸಲವೂ ಅವಳ ಕಿವಿ ಬಿಸಿಯಾಗುತ್ತಿತ್ತು.