ದೋನ್ಕಾ ಮತ್ತು ಮಗ

“ಅತ್ತೆ, ನಿಲ್ಲಿ! ಕಾಗದ, ಕಾಗದ!” ಎಂದು ನೆವೇನಾ ಕೂಗುವಷ್ಟರಲ್ಲಿ ತಾಮ್ರದ ಚೊಂಬು ಬೋರಲಾಗಿತ್ತು.

ಹೊಸ ಗಾಡಿ ಮನೆ ಬಿಡುವಾಗ ಮುಂದೆ ನೀರು ಚೆಲ್ಲಬೇಕು, ಹಾದಿ ನೀರು ಹರಿದಷ್ಟೇ ಸಲೀಸಾಗಬೇಕು. ದೋನ್ಕಾ ಎಪ್ಪತ್ನಾಲ್ಕು ವರ್ಷದಲ್ಲಿ ಇದನ್ನು ಒಮ್ಮೆಯೂ ತಪ್ಪಿಸಿದವಳಲ್ಲ. ಚಕ್ರದ ಮುಂದೆ ಒಂದಿಷ್ಟು ಚೆಲ್ಲಿದ್ದರೆ ಸಾಕಿತ್ತು. ಮುದುಕಿ ಇಡೀ ಚೊಂಬನ್ನು ಎತ್ತಿ ಬಿಳಿ ವ್ಯಾನಿನ ಬಾನೆಟ್ಟಿನ ಮೇಲೇ ಸುರಿದಳು. ನೆವೇನಾ ಅಲ್ಲೇ ಕಾಗದಗಳನ್ನು ಹರಡಿಕೊಂಡು ಕೊನೆಯ ಸಲ ನೋಡುತ್ತಿದ್ದಳು. ಎಲ್ಲಕ್ಕೂ ಮೇಲಿದ್ದದ್ದು ಒಪ್ಪಿಗೆ ಪತ್ರ: ‘ದೋನ್ಕಾ ಮತ್ತು ಮಗ’ ಕಂಪನಿಯ ಹೆಸರಿಗೆ ವ್ಯಾನನ್ನು ನೋಂದಾಯಿಸಲು ನನ್ನ ಸೊಸೆಗೆ ಅಧಿಕಾರ ಕೊಟ್ಟಿದ್ದೇನೆ ಎಂದು. ಸೊಸೆ ಹಟ ಹಿಡಿದಳೆಂದು ದೋನ್ಕಾ ಹಿಂದಿನ ದಿನವಷ್ಟೇ ಗೊಣಗುತ್ತ ಬರೆದುಕೊಟ್ಟಿದ್ದಳು. ಈಗ ಮೊಹರಿನ ನೀಲಿ ಶಾಯಿ ಕದಡಿ ರುಜುವನ್ನೂ ನುಂಗಿಹಾಕಿತು.

“ಹೋಗ್ಲಿ ಬಿಡು, ಒಣಗುತ್ತೆ.”

“ಕಾಗದ ಒಣಗುತ್ತೆ ಅತ್ತೆ, ಅಕ್ಷರ ವಾಪಸ್ ಬರುತ್ತಾ? ಇನ್ನೊಂದು ಬರೆದು ಮೊಹರು ಒತ್ತಿಕೊಡಿ.”

“ಮೊಹರು ಎಲ್ಲಿಟ್ನೋ ಏನೋ. ನೀನು ಹೊರಡೇ. ಕಚೇರಿ ಬಾಗ್ಲು ಹಾಕಿದ್ರೆ ನಾಳೆ ಸೀಸೆನೆಲ್ಲ ತಲೆ ಮೇಲೆ ಹೊತ್ಕೊಂಡು ಬೆಟ್ಟ ಹತ್ತುತೀಯಾ?”

ಮಾತು ನಿಜವೇ. ಬೆಟ್ಟದ ಮೇಲಿನ ಆರು ಹೋಟೆಲುಗಳಿಗೆ ಹುರಿದ ಕೆಂಪು ಮೆಣಸಿನ ಚಟ್ನಿ, ನಲವತ್ತು ಪೆಟ್ಟಿಗೆ, ನಾಳೆ ಬೆಳಿಗ್ಗೆ ತಲುಪಬೇಕಿತ್ತು. ಹೋಟೆಲಿನವರನ್ನು ಒಪ್ಪಿಸಿದವಳು, ವ್ಯಾನನ್ನು ಆರಿಸಿದವಳು ನೆವೇನಾಳೇ. ಶೋರೂಮಿನವರು ಕೊಟ್ಟ ತಾತ್ಕಾಲಿಕ ನಂಬರ್ ಫಲಕದ ಅವಧಿ ಇವತ್ತಿಗೆ ಮುಗಿಯುತ್ತಿತ್ತು.

ಹೆದ್ದಾರಿಗೆ ಬಂದ ಮೇಲೆ ಸಿಟ್ಟು ತಾನಾಗಿಯೇ ಇಳಿಯಿತು. ಎಂಥ ಗಾಡಿ! ಹೊಸ ಸೀಟಿನ ವಾಸನೆಗೇ ಅವಳಿಗೆ ಹಾಡು ಬಂತು. ಒದ್ದೆ ಪತ್ರವನ್ನು ಬಿಸಿಗಾಳಿಗೆ ಹಿಡಿದು, ಖಾಲಿ ರಸ್ತೆಯಲ್ಲಿ ಸುಮ್ಮಸುಮ್ಮನೆ ಎರಡು ಸಲ ಹಾರ್ನ್ ಮಾಡಿದಳು. ಒಂದೇ ಒಂದು ಮುಳ್ಳು ಚುಚ್ಚುತ್ತಿತ್ತು. ಹತ್ತೊಂಬತ್ತು ವರ್ಷ ಒಲೆ ಮುಂದೆ ಮೆಣಸಿನಕಾಯಿ ಹುರಿದರೂ, ಅತ್ತೆಯ ಏಪ್ರನ್ ಜೇಬಿನಲ್ಲಿದ್ದ ಆ ಮೊಹರನ್ನು ಅವಳು ಒಮ್ಮೆಯೂ ಮುಟ್ಟಿರಲಿಲ್ಲ. ಗಂಡ ತೀರಿಹೋಗಿ ನಾಲ್ಕು ವರ್ಷವಾದರೂ ಕಂಪನಿಯ ಹೆಸರಿನಲ್ಲಿ ಅವನಿದ್ದ, ಇವಳಿರಲಿಲ್ಲ. ಹೋದ ವಾರ ನೋಟರಿಯ ಹತ್ತಿರವೂ ಅಷ್ಟೇ, “ಗಾಡಿ ಕಾಗದ, ರುಜು ಹಾಕು” ಎಂದು ಓದಲೂ ಬಿಡದೆ ನಾಲ್ಕು ಕಡೆ ರುಜು ಹಾಕಿಸಿದ್ದಳು ಮುದುಕಿ. ಇಷ್ಟು ದುಡಿದರೂ ತಾನು ಈ ಮನೆಗೆ ಏನು ಎಂದು ನೆವೇನಾಳಿಗೆ ಅಳು ಬರುವಷ್ಟು ನೋವಿತ್ತು.

ಪ್ಲೋವ್ದಿವ್ ನಗರದ ಸಾರಿಗೆ ಪೊಲೀಸರ ಅಂಗಳದಲ್ಲಿ ಗಾಡಿ ತಪಾಸಣೆ ಸರಾಗವಾಗಿ ಮುಗಿಯಿತು. ಕಿಟಕಿಯ ಹಿಂದಿನ ಹೆಂಗಸು ಮಾತ್ರ ಪತ್ರವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು.

“ಇದೇನಮ್ಮಾ, ಒಗೆದು ತಂದಿದೀರಾ?”

“ನಮ್ಮತ್ತೆ ನೀರು ಚೆಲ್ಲಿದ್ರು.”

“ಪುಣ್ಯವಂತೆ ನೀವು. ನಮ್ಮತ್ತೆ ಚೊಂಬನ್ನೂ ಕೈಬಿಟ್ಟು ಗಾಡಿ ದೀಪ ಒಡೆದಿದ್ರು.” ನಕ್ಕು ಪತ್ರವನ್ನು ಹಿಂದಕ್ಕೆ ತಳ್ಳಿದಳು. “ಆದ್ರೆ ಇದು ನಡೆಯಲ್ಲ. ಕಂಪನಿ ನಡೆಸೋರೇ ಬರಬೇಕು.”

ಗೋಡೆಯ ಗಡಿಯಾರದಲ್ಲಿ ಮೂರೂಕಾಲು. ನಾಲ್ಕಕ್ಕೆ ಕಿಟಕಿ ಮುಚ್ಚುತ್ತದೆ, ಊರು ಒಂದು ಗಂಟೆಯ ದಾರಿ. ನೆವೇನಾ ಜಾಗ ಬಿಟ್ಟು ಕದಲಲಿಲ್ಲ.

“ಕಂಪನಿ ನಂಬರಾದ್ರೂ ಹಾಕಿ ನೋಡಿ ಮೇಡಂ. ನಾಳೆ ನಲವತ್ತು ಪೆಟ್ಟಿಗೆ ಹೋಗ್ಬೇಕು. ನಿಮ್ಮ ದಮ್ಮಯ್ಯ.”

ಹೆಂಗಸು ನಿಟ್ಟುಸಿರುಬಿಟ್ಟು ಕೀಲಿಮಣೆ ಕುಟ್ಟಿದಳು. “ಏನು ಹೆಸರಂದ್ರಿ?”

“ದೋನ್ಕಾ ಮತ್ತು ಮಗ.”

“ಆ ಹೆಸರೇ ಇಲ್ವಲ್ಲ.”

ನೆವೇನಾ ಕಿಟಕಿಯೊಳಗೆ ಬಗ್ಗಿ ಪರದೆ ನೋಡಲು ಹೋದಳು.

“ತಾಳಿ, ತಾಳಿ. ನಂಬರು ಅದೇ. ಹೋದ ಶುಕ್ರವಾರ ಹೆಸರು ಬದಲಾಗಿದೆ. ‘ದೋನ್ಕಾ ಮತ್ತು ಸೊಸೆ’.” ಹೆಂಗಸು ಕನ್ನಡಕ ಇಳಿಸಿ ನೋಡಿದಳು. “ನಡೆಸೋರು ಇಬ್ಬರು ಅಂತಿದೆ. ನೆವೇನಾ ಅನ್ನೋರು ಯಾರು?”

“ನಾನೇ.”

“ಮತ್ತೆ ನಿಮ್ಮ ಗಾಡಿಗೆ ನಿಮಗೆ ಯಾರ ಒಪ್ಪಿಗೆ ಬೇಕಾಗಿತ್ತಮ್ಮಾ? ಗುರುತಿನ ಚೀಟಿ ಕೊಡಿ, ಹೊತ್ತಾಯ್ತು.”

ಚೀಟಿ ತೆಗೆಯುವ ಅವಸರದಲ್ಲಿ ನೆವೇನಾ ಅದನ್ನು ಎರಡು ಸಲ ನೆಲಕ್ಕೆ ಬೀಳಿಸಿದಳು. ಹೊಸ ಫಲಕಗಳನ್ನು ಬಿಗಿಸಿ ಆದ ಮೇಲೂ ವ್ಯಾನನ್ನು ಒಂದು ಸುತ್ತು ಬಂದು ಅವನ್ನು ಮುಟ್ಟಿ ನೋಡಿದಳು. ಆಮೇಲೆ ಒಳಗೆ ಕೂತು ಫೋನ್ ಮಾಡಿದಳು.

“ಅತ್ತೆ, ಆಯ್ತು.”

“ಆಗದೆ ಏನು.”

“ನೀರು ಬೇಕೂಂತಲೇ ಸುರಿದ್ರಾ?”

“ವಯಸ್ಸಾಯ್ತು ಕಣೇ, ಕೈ ನಡುಗುತ್ತೆ. ಗಾಡಿ ಕಾಗದ ಎಲ್ಲೆಂದರಲ್ಲಿ ಬಿಸಾಡಬೇಡ, ಸೀಟಿನ ಮುಂದಿನ ಡಬ್ಬಿಲಿ ಇಡು. ಬರ್ತಾ ಉಪ್ಪು ತಗೊಂಡ್ ಬಾ.” ಫೋನ್ ಇಟ್ಟೇಬಿಟ್ಟಳು.

ನೆವೇನಾ ಡಬ್ಬಿ ತೆರೆದಳು. ಅತ್ತೆಯ ಹೂವಿನ ಕರವಸ್ತ್ರದ ಗಂಟೊಂದು ಅಲ್ಲಿತ್ತು. ಬಿಚ್ಚಿದರೆ ಹೊಸ ಮೊಹರು. ಒತ್ತಿ ನೋಡಲು ಗಾಡಿ ಕಾಗದ, ಕದಡಿದ ಪತ್ರ ಬಿಟ್ಟು ಬೇರೇನೂ ಸಿಗಲಿಲ್ಲ, ಎಡ ಅಂಗೈಗೇ ಒತ್ತಿಕೊಂಡಳು.

ಊರು ಮುಟ್ಟುವವರೆಗೂ ಆ ಕೈಯನ್ನು ಮುಚ್ಚಲಿಲ್ಲ. ಶಾಯಿ ಅಳಿಸೀತೆಂದು ಬೆರಳ ತುದಿಯಲ್ಲಷ್ಟೇ ಸ್ಟೀರಿಂಗ್ ಹಿಡಿದು, ನಿಧಾನವಾಗಿ ಗಾಡಿ ಓಡಿಸಿದಳು.