ಎಡಗೈಗೊಂದು ಕ್ಯಾಮೆರಾ

೧

ಎಲ್ಲಿಂದ ಶುರು ಮಾಡಲಿ? ಕ್ಯಾಮೆರಾದಿಂದ ಶುರು ಮಾಡಿದರೆ ಜಾಹೀರಾತು ಅನ್ನುತ್ತೀರಿ. ಅಕ್ಕನ ಕೈಯಿಂದ ಶುರು ಮಾಡಿದರೆ ಕಣ್ಣೀರಿನ ಕಥೆ ಅನ್ನುತ್ತೀರಿ. ಅಕ್ಕನಂತೂ ಪುಟವನ್ನೇ ಹರಿದು ಹಾಕುತ್ತಾಳೆ. ಹೋಗಲಿ, ನನ್ನಿಂದಲೇ ಶುರು ಮಾಡೋಣವೆಂದರೆ ನಾನು ಅಂಥ ದೊಡ್ಡ ಮನುಷ್ಯನೇನಲ್ಲ. ಇಸ್ತ್ರಿಪೆಟ್ಟಿಗೆ, ಟೇಬಲ್ ಫ್ಯಾನು, ಹೇರ್ ಡ್ರೈಯರುಗಳ ಡಬ್ಬಿಯೊಳಗೆ ‘ಬಳಸುವ ಮುನ್ನ ಓದಿ’ ಎಂದು ಒಂದು ಪುಟ್ಟ ಪುಸ್ತಕ ಇರುತ್ತದಲ್ಲ, ಅದನ್ನು ಬರೆಯುವವನು. ನೀವು ಅದನ್ನು ಒಮ್ಮೆಯೂ ಓದಿಲ್ಲವೆಂದು ಗೊತ್ತು. ಬೇಜಾರಿಲ್ಲ.

೨

ಮೊದಲ ಕರಡು ಹೀಗಿತ್ತು: ‘ಬೆಳಕೆಂದರೇನು? ನೆನಪೆಂದರೇನು? ಇವೆರಡರ ನಡುವೆ ಒಂದು ಗಾಜಿನ ಕಣ್ಣು…’

(ಕ್ಷಮಿಸಿ. ಬಿಟ್ಟೆ.)

ಎರಡನೆಯ ಕರಡು: ‘ಆ ಮುಂಜಾನೆ ಅಕ್ಕನ ಬಲಗೈ ಬಾಡಿದ ಹೂವಿನಂತೆ…’

ಅಕ್ಕ ಇದನ್ನು ಓದಿದಳು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

“ಯಾವ ಹೂವು?”

“ಅಂದ್ರೆ?”

“ಹೆಸರು ಹೇಳು. ಯಾವ ಹೂವಿನ ಥರ ಇದೆ ನನ್ನ ಕೈ?”

“ಅದು ಸುಮ್ನೆ ಹೋಲಿಕೆ ಅಕ್ಕ.”

“ಸುಮ್ನೆ ಆಗಿದ್ರೆ ತೆಗಿ. ಸ್ಟ್ರೋಕ್ ಆಯ್ತು, ಬಲಗೈ ಬರಲ್ಲ ಅಂತ ಬರಿ. ನಾಲ್ಕು ಪದ. ಇನ್ನೂ ಮುಂದೆ ಹೋಗೋದಿದೆ.”

ಆದ್ದರಿಂದ, ಓದುಗರೇ, ಸ್ಟ್ರೋಕ್ ಆಯ್ತು, ಬಲಗೈ ಬರಲ್ಲ.

೩

(ಮೂರನ್ನು ಹರಿದು ಹಾಕಿದ್ದೇನೆ. ಅದರಲ್ಲಿ ಒಬ್ಬ ಡಾಕ್ಟರು ಬಂದು ಕಿಟಕಿಯ ಕಡೆ ನೋಡುತ್ತಾ ದೊಡ್ಡ ದೊಡ್ಡ ಮಾತಾಡುತ್ತಿದ್ದರು. ನಿಜವಾದ ಡಾಕ್ಟರು ಎರಡು ನಿಮಿಷವೂ ನಿಂತಿರಲಿಲ್ಲ.)

೪

ಮುಂದೇನು ಅನ್ನುವುದು ಅಕ್ಕನ ಬಾಯಲ್ಲೇ ಬರಲಿ ಎಂದುಕೊಂಡೆ. “ನನ್ನ ಬಾಯಿಗೆ ನೀನು ಮಾತು ತುರುಕಬೇಡ, ನೀನೇ ಹೇಳು” ಎಂದಳು. ಸರಿ, ಹೇಳುತ್ತೇನೆ.

ಅಕ್ಕ ಒಂದು ಹಳೆಯ ಗ್ರಂಥಾಲಯದ ರಿಪೇರಿ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಕೆಲಸಕ್ಕಿದ್ದಾಳೆ. ಹರಿದ ಹಾಳೆಗೆ ತೆಳು ಕಾಗದ ಅಂಟಿಸುವುದು, ಬಿಚ್ಚಿಹೋದ ಪುಸ್ತಕದ ಬೆನ್ನನ್ನು ಹೊಲಿಯುವುದು, ಹುಳು ತಿಂದ ತೂತು ಮುಚ್ಚುವುದು. ಸ್ಟ್ರೋಕ್ ಆದ ಮೇಲಿನ ಎಂಟು ತಿಂಗಳಲ್ಲಿ ಅವಳ ಎಡಗೈ ಇವಿಷ್ಟನ್ನೂ ಕಲಿತಿದೆ. ಬಲಗೈಯನ್ನು ಹಾಳೆಯ ಮೇಲೆ ಭಾರಕ್ಕೆಂದು ಇಟ್ಟುಕೊಳ್ಳುತ್ತಾಳೆ. ‘ಇದೂ ಸಂಬಳ ತಗೊಳ್ಳುತ್ತೆ, ಕೂತಿರಲಿ’ ಅನ್ನುತ್ತಾಳೆ.

ಬಾಕಿ ಉಳಿದಿರುವುದು ಒಂದೇ ಒಂದು. ಯಾವ ಪುಸ್ತಕ ಕೈಗೆ ಬಂದರೂ ಸೂಜಿ ಮುಟ್ಟುವ ಮೊದಲು ಅದರ ಸ್ಥಿತಿಯ ಫೋಟೋ ತೆಗೆಯಬೇಕು. ಕೋಣೆಯ ಕ್ಯಾಮೆರಾ ಇಟ್ಟಿಗೆಯಷ್ಟು ದಪ್ಪ, ಅದಕ್ಕೆ ಎರಡು ಕೈ ಬೇಕು. ಫೋನ್ ಒಳಗೆ ಬಿಡುವುದಿಲ್ಲ. ಇಂಟರ್ನೆಟ್ ಇಲ್ಲದ ಸಣ್ಣ ಕ್ಯಾಮೆರಾ ಆದರೆ ಸ್ವಂತದ್ದು ತರಬಹುದು. (ಸ್ಟ್ಯಾಂಡ್ ಇಡಬಹುದಲ್ಲ ಎಂದು ಕೇಳಲು ಕೈ ಎತ್ತಿದವರಿಗೆ: ಬೆನ್ನು, ಮೂಲೆ, ಅಂಚು, ತೂತು, ಒಂದೊಂದಕ್ಕೂ ಕ್ಯಾಮೆರಾ ಬೇರೆ ಬೇರೆ ಕಡೆ ತಿರುಗಬೇಕು. ನಾನೂ ಕೇಳಿ ಬೈಸಿಕೊಂಡಿದ್ದೇನೆ.)

ಪರೀಕ್ಷೆ ಗುರುವಾರ: ಹತ್ತು ಗಂಟೆಗೆ ಕೋಣೆಯ ಮುಖ್ಯಸ್ಥರು ಮೂರು ಪುಸ್ತಕ ಕೊಡುತ್ತಾರೆ. ಯಾರ ಸಹಾಯವೂ ಇಲ್ಲದೆ ಫೋಟೋ ತೆಗೆದರೆ ಅಕ್ಕನಿಗೆ ಅವಳ ಮೇಜು ವಾಪಸ್ಸು. ಇಲ್ಲದಿದ್ದರೆ ಮುಂಬಾಗಿಲ ಕೌಂಟರಿನಲ್ಲಿ ಕೂತು ಬಂದವರ ಚೀಲ ಇಸಕೊಂಡು ಟೋಕನ್ ಕೊಡುವುದು.

“ಟೋಕನ್ ಕೊಡೋದೂ ಕೆಲಸಾನೇ,” ಎಂದಳು ಅಕ್ಕ. “ಆದ್ರೆ ನನ್ನ ಕೆಲಸ ಅಲ್ಲ.”

೫

ಈಗ ನನ್ನ ಪೆದ್ದುತನದ ಅಧ್ಯಾಯ. ಕ್ಯಾಮೆರಾ ಆರಿಸುವ ಜವಾಬ್ದಾರಿ ನಾನೇ ವಹಿಸಿಕೊಂಡೆ. ಮೂರು ವಾರ ಕೂತು ಒಂದು ಪಟ್ಟಿ ಮಾಡಿದೆ: ಹನ್ನೊಂದು ಕ್ಯಾಮೆರಾ, ಹದಿನೇಳು ಕಾಲಂ. ಮೆಗಾಪಿಕ್ಸೆಲ್, ಝೂಮ್, ಎಷ್ಟು ಹತ್ತಿರದ ಅಕ್ಷರ ಹಿಡಿಯುತ್ತದೆ, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಜೇಬಿಗೆ ಹಿಡಿಸುತ್ತದೋ ಇಲ್ಲವೋ. ಬಣ್ಣಕ್ಕೂ ಒಂದು ಕಾಲಂ ಇತ್ತು, ನಾಚಿಕೆಯಾಗುತ್ತದೆ. ಸೋಸಿ ಸೋಸಿ ಕೊನೆಗೆ ಎರಡು ಉಳಿಸಿದೆ. ಕರಿದು: ಸಣ್ಣದಾದರೂ ಗಟ್ಟಿ ಆಸಾಮಿ, ಮಂದ ಬೆಳಕಿನಲ್ಲೂ ಕಾಗದದ ನಾರು ಎಣಿಸಬಹುದು. ಬೂದು: ಸಾಧಾರಣ, ಹಗುರ, ಊರಿಗೆಲ್ಲ ಒಂದೇ ಥರದ್ದು. ‘ದಿನಬಳಕೆಗೆ ಕರಿದೇ ಉತ್ತಮ’ ಎಂದು ತೀರ್ಪು ಬರೆದು, ಅಡಿಗೆರೆ ಹಾಕಿ ಅಕ್ಕನ ಮುಂದಿಟ್ಟೆ.

ಅಕ್ಕ ಹದಿನೇಳು ಕಾಲಮ್ಮಿನ ಮೇಲೂ ಬೆರಳು ಓಡಿಸಿದಳು.

“ಬಟನ್ ಯಾವ ಕಡೆ ಇದೆ?”

ನಾನು ಹನ್ನೊಂದರ ಚಿತ್ರಗಳನ್ನೂ ತೆಗೆದು ನೋಡಿದೆ. ಬಲಗಡೆ. ಬಲಗಡೆ. ಬಲಗಡೆ. ಭೂಮಿಯ ಮೇಲೆ ಎಡಗೈ ಅಂತ ಒಂದಿದೆ ಅನ್ನುವುದು ಇವರಿಗೆ ಗೊತ್ತೇ ಇಲ್ಲವೇನೋ ಎಂದು ಕಂಪನಿಗಳನ್ನೆಲ್ಲ ಬೈದೆ. ಆಮೇಲೆ ನೆನಪಾಯಿತು, ನಾನು ಬರೆದ ಅಷ್ಟೂ ಪುಸ್ತಕಗಳಲ್ಲಿ ‘ಬಲಗೈಯಲ್ಲಿ ಹಿಡಿದುಕೊಳ್ಳಿ’ ಅಂತಲೇ ಇದೆ. ಎಂಟು ತಿಂಗಳಿಂದ ಅವಳಿಗೆ ಶರ್ಟಿನ ಗುಂಡಿ ಹಾಕಿಕೊಟ್ಟವನು ನಾನು. ಅಂಥವನಿಗೂ ಹೊಳೆಯಲಿಲ್ಲ. ಆ ಹೊತ್ತು ನನಗೆ ನನ್ನ ಮೇಲೇ ಅಸಹ್ಯವಾಯಿತು.

೬

ಅಂಗಡಿ. (ಇಲ್ಲೊಂದು ಸುಂದರ ವರ್ಣನೆ ಇತ್ತು. ಗಾಜಿನ ಕಪಾಟು, ಸಾಲು ದೀಪ ಇತ್ಯಾದಿ. ನೀವು ಅಂಗಡಿ ನೋಡಿದ್ದೀರಿ ತಾನೆ?)

ಅಂಗಡಿಯವರು ಒಳ್ಳೆಯವರು. “ಎಡಗೈದು ಯಾರೂ ಮಾಡಲ್ಲ ಮೇಡಂ,” ಎಂದು ತಾವೇ ತಪ್ಪು ಮಾಡಿದವರಂತೆ ಹೇಳಿದರು. ಕರಿದು, ಬೂದು ಎರಡನ್ನೂ ಕೌಂಟರಿನ ಮೇಲಿಟ್ಟರು.

ಅಕ್ಕ ಎಡಗೈಯಲ್ಲಿ ಕರಿದನ್ನು ಎತ್ತಿ, ಬೆರಳನ್ನು ಆಚೆ ತುದಿಯ ಬಟನ್ನಿಗೆ ಚಾಚಿದಳು. ಎಟುಕಲಿಲ್ಲ. ಮತ್ತೆ ಚಾಚಿದಳು, ಕ್ಯಾಮೆರಾ ವಾಲಿತು. ನನಗೆ ತಡೆಯಲಾಗದೆ ಕೈ ಹಾಕಿ ಬಟನ್ ಒತ್ತಿಬಿಟ್ಟೆ. ಫೋಟೋ ಬಿತ್ತು. ಅಕ್ಕ ಕ್ಯಾಮೆರಾ ಕೆಳಗಿಟ್ಟಳು.

“ಗುರುವಾರವೂ ಬಂದು ಒತ್ತುತ್ತೀಯಾ?”

ನಾನು ಕೈ ಹಿಂದೆ ಕಟ್ಟಿಕೊಂಡೆ. ಅಂಗಡಿಯವರು ಒರೆಸುವ ಬಟ್ಟೆ ಹುಡುಕತೊಡಗಿದರು.

ಆಮೇಲೆ ಅಕ್ಕ ಬೂದು ಕ್ಯಾಮೆರಾ ಎತ್ತಿಕೊಂಡಳು. ಸ್ವಲ್ಪ ಹೊತ್ತು ಅದನ್ನೇ ನೋಡಿ, ತಲೆಕೆಳಗು ಮಾಡಿದಳು. ಬಲಗಡೆ ಮೇಲಿದ್ದ ಬಟನ್ ಈಗ ಎಡಗಡೆ ಕೆಳಗೆ ಬಂತು. ಅವಳ ಹೆಬ್ಬೆರಳು ಸೀದಾ ಅದರ ಮೇಲೆ ಹೋಗಿ ಕೂತಿತು.

“ಮೇಡಂ, ಉಲ್ಟಾ ಹಿಡ್ಕೊಂಡಿದೀರಿ. ಫೋಟೋನೂ ತಲೆಕೆಳಗೇ ಬರುತ್ತೆ.”

“ನಿಮ್ಮ ಆ ಗ್ಯಾರಂಟಿ ಪುಸ್ತಕ ಕೊಡಿ ಇಲ್ಲಿ.”

ಅದನ್ನು ಕೌಂಟರಿನ ಮೇಲೆ ತನಗೆ ತಲೆಕೆಳಗಾಗಿ ಮಲಗಿಸಿ, ಮೇಲಿಂದ ಫೋಟೋ ತೆಗೆದಳು. ಅಂಗಡಿಯವರು ಕ್ಯಾಮೆರಾ ಇಸಕೊಂಡು ನೇರ ಹಿಡಿದು ನೋಡಿದರು. ಪುಸ್ತಕ ತಲೆಕೆಳಗು, ಕ್ಯಾಮೆರಾ ತಲೆಕೆಳಗು. ಫೋಟೋ ಮಾತ್ರ ನೆಟ್ಟಗೆ ಬಂದಿತ್ತು. ಒಂದೊಂದಕ್ಷರವೂ ಓದುವ ಹಾಗಿತ್ತು.

“ಪುಸ್ತಕ ಉಲ್ಟಾ ಇಟ್ಕೊಂಡು ಕೆಲಸ ಮಾಡೋಕೆ ಕಷ್ಟ ಆಗಲ್ವಾ ಮೇಡಂ?”

“ನಮ್ಮ ಕೋಣೇಲಿ ಮೊದಲಿಂದಲೂ ಹಾಗೇ ಇಡೋದು,” ಎಂದಳು ಅಕ್ಕ. “ಅಕ್ಷರ ನೆಟ್ಟಗಿದ್ರೆ ಓದೋಕೆ ಕೂತ್ಬಿಡ್ತೀವಿ. ಕೆಲಸ ನಿಂತುಹೋಗುತ್ತೆ. ಕಲಿಸಿಕೊಟ್ಟವರು ಮೊದಲ ದಿನವೇ ಹೇಳಿದ್ದು ಅದು.”

ನಾನು ಅಲ್ಲಿಗೂ ಸುಮ್ಮನಿರಲಿಲ್ಲ. ಹಾಗಾದರೆ ಕರಿದನ್ನೇ ತಲೆಕೆಳಗು ಹಿಡಿಯಲಿ ಎಂದೆ. ಹಿಡಿದಳು. ಭಾರಕ್ಕೆ ಮಣಿಕಟ್ಟು ಬಾಗಿ, ಗಟ್ಟಿ ಬಟನ್ ಒತ್ತುವಷ್ಟರಲ್ಲಿ ಕೈ ಅಲುಗಿತು.

“ಆದ್ರೆ ಅಕ್ಕ, ಕಾಗದದ ನಾರು…”

“ನಾರು ನನ್ನ ಕಣ್ಣಿಗೇ ಕಾಣುತ್ತೆ ಕಣೋ. ಬೂದೇ ಸಾಕು.”

“ನನ್ನ ಕಥೆಯಲ್ಲಿ ನೀನು ಕರಿದು ತಗೋತೀಯ.”

“ಕಥೆ ನಿಂದು, ಸರಿ. ಕೈ ನಂದು.”

ಬೂದು ಬಂತು.

೭

ಮುಕ್ತಾಯಗಳು. ಬುಧವಾರ ಸಂಜೆ ಮೂರು ಬರೆದೆ, ಯಾವುದಾದರೂ ಒಂದು ಆರಿಸಿಕೊಳ್ಳಿ ಅನ್ನುವ ಉದಾರ ಬುದ್ಧಿಯಿಂದ.

(ಅ) ಅಕ್ಕ ಮೂರೂ ಪುಸ್ತಕದ ಫೋಟೋ ತೆಗೆಯುತ್ತಾಳೆ. ಕೋಣೆಯವರೆಲ್ಲ ಎದ್ದು ಚಪ್ಪಾಳೆ ತಟ್ಟುತ್ತಾರೆ.

“ನಮ್ಮ ಕೋಣೇಲಿ ಯಾರೂ ಚಪ್ಪಾಳೆ ತಟ್ಟಲ್ಲ,” ಎಂದಳು. “ದೂಳೇಳುತ್ತೆ.”

(ಆ) ಎರಡನೇ ಪುಸ್ತಕದ ಹೊತ್ತಿಗೆ ಕ್ಯಾಮೆರಾ ಜಾರುತ್ತದೆ. ಅಕ್ಕ ಕೌಂಟರಿಗೆ ಹೋಗುತ್ತಾಳೆ. ಬರುವವರ ಮುಖ ನೋಡುತ್ತಾ ಅಲ್ಲಿಯೂ ಒಂದು ಸುಖ ಕಂಡುಕೊಳ್ಳುತ್ತಾಳೆ.

ಇದನ್ನು ಅಕ್ಕ ಎರಡು ಸಲ ಓದಿದಳು.

“ಇದನ್ನ ಬರೀವಾಗ ನಿಂಗೇನನ್ನಿಸ್ತು?”

“ಹೆದರಿಕೆ ಆಯ್ತು.”

“ನಂಗೂ,” ಎಂದಳು. ಹಾಳೆಯನ್ನು ಹರಿಯಲಿಲ್ಲ. ಮಡಿಸಿ ನನಗೇ ಕೊಟ್ಟಳು.

(ಇ) ತಮ್ಮ, ಅಂದರೆ ನಾನು, ಒಳಗೆ ನುಗ್ಗಿ ಮುಖ್ಯಸ್ಥರಿಗೆ ಭಾಷಣ ಬಿಗಿಯುತ್ತಾನೆ.

ಇದಕ್ಕೆ ಅವಳು ನಕ್ಕಳು. ಎಂಟು ತಿಂಗಳಲ್ಲಿ ಅಷ್ಟು ಜೋರಾಗಿ ನಕ್ಕಿದ್ದು ಅದೇ ಮೊದಲು. ಹಾಗಾಗಿ ಆ ಮುಕ್ತಾಯ ಕೆಟ್ಟದ್ದಾದರೂ ಬರೆದದ್ದಕ್ಕೆ ನನಗೆ ಬೇಸರವಿಲ್ಲ.

೮

ಇದು ಗುರುವಾರ. ಕಥೆ ಈಗ ನನ್ನನ್ನು ಹಿಂದೆ ಹಾಕಿ ಮುಂದೆ ಹೋಗಿಬಿಟ್ಟಿದೆ. ರಿಪೇರಿ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದೇನೆ. ಫೋನನ್ನು ಲಾಕರಿನಲ್ಲಿ ಇಡಿಸಿಕೊಂಡರು. ಆ ಹದಿನೇಳು ಕಾಲಮ್ಮಿನ ಹಾಳೆಯ ಹಿಂಬದಿಯಲ್ಲಿ ಪೆನ್ನಿನಿಂದ ಬರೆಯುತ್ತಿದ್ದೇನೆ. ಅಕ್ಷರ ಕೆಟ್ಟದಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಹತ್ತಕ್ಕೆ ಸರಿಯಾಗಿ ಅಕ್ಕ ಒಳಗೆ ಹೋದಳು. ನಾನು ಬಾಗಿಲು ತೆರೆದುಕೊಡಲು ಎದ್ದೆ, ಅಷ್ಟರಲ್ಲಿ ಅವಳೇ ಮೊಣಕೈಯಿಂದ ತಳ್ಳಿಕೊಂಡು ಹೋಗಿಬಿಟ್ಟಳು.

ಹತ್ತೂಕಾಲು. ಏನೂ ಕೇಳಿಸುತ್ತಿಲ್ಲ.

ಹತ್ತೂವರೆ. ಒಳಗೆ ಕುರ್ಚಿ ಎಳೆದ ಸದ್ದು. ಅದು ಒಳ್ಳೆಯ ಸದ್ದೋ ಕೆಟ್ಟದ್ದೋ ತಿಳಿಯದು. ಇಷ್ಟು ಹೊತ್ತು ಯಾಕೆ? ಮೂರೇ ಪುಸ್ತಕ ತಾನೆ?

ಹತ್ತೂ ನಲವತ್ತಕ್ಕೆ ಬಾಗಿಲು ತೆರೆಯಿತು. ಬಂದವರು ಮುಖ್ಯಸ್ಥರು. ಮುಖ ಕೆಂಪಗಾಗಿತ್ತು, ಅಂಗಿಯ ತೋಳು ಮಡಿಸಿಕೊಂಡಿದ್ದರು. ನಾನು ಎದ್ದು ನಿಂತೆ.

“ಸರ್, ಏನಾಯ್ತು? ಆಯ್ತಾ, ಇಲ್ವಾ?”

“ನೀವು ತಮ್ಮ ಅಲ್ವಾ?” ಎಂದರು. “ಮೂರನೇದು ಅವರಿಗೆ ಹಿಡಿಸಿಲ್ವಂತೆ. ನನಗೇನೋ ಚೆನ್ನಾಗೇ ಕಾಣ್ತಿತ್ತು. ನೆರಳು ಬಿದ್ದಿದೆ, ಮತ್ತೆ ತೆಗೀಬೇಕು, ಟೇಬಲ್ ಲ್ಯಾಂಪ್ ಬೇಕು ಅಂದ್ರು. ತರೋಕೆ ಹೋಗ್ತಿದೀನಿ.”

“ಅಂದ್ರೆ ಮೇಜು ಅವಳಿಗೆ…”

“ಮೊದಲು ಲ್ಯಾಂಪ್ ತಂದುಕೊಡ್ತೀನಿ ಇರಿ. ಆಗಲೇ ಒಂದು ಸಲ ಬೈಸ್ಕೊಂಡಿದೀನಿ.”

ಪಕ್ಕದ ಕೋಣೆಗೆ ಹೋಗಿ, ವೈರು ನೆಲಕ್ಕೆ ಎಳೆಯುತ್ತಾ ಒಂದು ಲ್ಯಾಂಪು ಹೊತ್ತು ತಂದು ಒಳಗೆ ಹೋದರು. ಇಲ್ಲಿಗೆ ನಾಲ್ಕನೆಯ ಮುಕ್ತಾಯವೊಂದನ್ನು ಹೊಲಿದುಬಿಡಬಹುದು, ಬಹಳ ಸುಲಭ. ಹೊಲಿಯುವುದಿಲ್ಲ. ಒಳಗೆ ಇನ್ನೂ ಕೆಲಸ ನಡೆಯುತ್ತಿದೆ. ನಿಮಗೆ ಬೇರೆ ಕೆಲಸವಿದ್ದರೆ ಹೊರಡಿ, ಬೆಂಚಿನ ಮೇಲೆ ಕೂರುತ್ತೀರಾದರೆ ಸರಿದುಕೊಳ್ಳುತ್ತೇನೆ.

ಕೈಯಲ್ಲಿ ಲ್ಯಾಂಪಿದ್ದುದರಿಂದ ಮುಖ್ಯಸ್ಥರು ಬಾಗಿಲು ಮುಚ್ಚಿರಲಿಲ್ಲ. ಒಳಗಿಂದ ಅಕ್ಕನ ದನಿ ಬರುತ್ತಿದೆ, ಮೇಜಿನ ಹಿಂದೆ ಇಪ್ಪತ್ತೆರಡು ವರ್ಷ ಕೂತವರ ದನಿ:

“ಅಲ್ಲಲ್ಲ ಸರ್. ಎಡಗಡೆ ಇಡಿ. ಎಡಗಡೆ.”