ಚೈನ್ ವಂಡಿಯ ಹಣೆ

ಮತ್ತೆ ಅದೇ ಕೆಮ್ಮು, ಮೊದಲು ಒಂದು, ಸ್ವಲ್ಪ ಬಿಟ್ಟು ಇನ್ನೊಂದು, ಆಮೇಲೆ ಹೊಗೆಕೊಳವೆಯ ತುದಿಯ ತಗಡಿನ ಮುಚ್ಚಳ ಟಪಟಪ ಬಡಿದುಕೊಂಡು ಸುಮ್ಮನಾಗುತ್ತದೆ, ಇಷ್ಟು ದೊಡ್ಡ ಯಂತ್ರ ನಿಂತದ್ದೇ ತಡ ವ್ಯಾಸರಪಾಡಿಯ ಈ ರಿಪೇರಿ ಶೆಡ್ಡಿನ ಸುತ್ತಲಿನ ಕಾಗೆಗಳೆಲ್ಲ ಇದಕ್ಕೇ ಕಾದಿದ್ದವರ ಹಾಗೆ ಕೂಗತೊಡಗುತ್ತವೆ — ಹರಿದಾಸನ ಅಂಗೈ ಇನ್ನೂ ಎಂಜಿನ್ನಿನ ಪಕ್ಕೆಯ ಮೇಲೇ ಇತ್ತು, ಬೆಚ್ಚಗಿದೆ, ಜ್ವರದ ಬಿಸಿಯಲ್ಲ, ಓಡಿ ಬಂದವನ ಮೈಬಿಸಿ, ಒಳಗೆಲ್ಲೂ ಬಡಿತ ಕೇಳಲಿಲ್ಲ, ಹೊಗೆ ಕಪ್ಪಿಲ್ಲ ಬಿಳಿಯಿಲ್ಲ, ಇಂಥ ಗಟ್ಟಿ ಆಳು ಹೀಗೆ ನಡುದಾರಿಯಲ್ಲಿ ಕೂತುಬಿಡುವುದೇಕೆ, ತಪ್ಪು ನನ್ನದೇ ಇರಬೇಕು, ಡೀಸೆಲ್ ಪಂಪು ಕೂಡಿಸುವಾಗ ಯಾವುದೋ ಸ್ಪ್ರಿಂಗು ತಿರುವುಮುರುವಾಗಿರಬೇಕು, ಸಂಜೆ ಕ್ಲಾಸಿನಲ್ಲಿ ಕಲಿತವನ ಹಣೆಬರಹವೇ ಇಷ್ಟು, ಹಗಲು ಕಲಿತವರಿಗೆ ಗೊತ್ತಿರುವ ಏನೋ ಒಂದು ನನಗೆ ಗೊತ್ತಿಲ್ಲ, ಆ ಒಂದು ಯಾವುದೆಂಬುದೂ ಗೊತ್ತಿಲ್ಲ. ಎಂತ ಮಾರಾಯ್ರೇ, ಪುನಃ ಮಲಗಿತಾ ನಿಮ್ಮ ಎಮ್ಮೆ, ಎಂದು ಮೇಲಿನ ಸೀಟಿನಿಂದ ಮೋನಪ್ಪ, ಪುತ್ತೂರಿನವನು, ಮದರಾಸಿನ ಮಣ್ಣು ತಳ್ಳಿ ತಳ್ಳಿಯೇ ಕೂದಲು ನರೆಸಿಕೊಂಡವನು, ಮುದಲಿಯಾರರು ಈ ಚೈನ್ ವಂಡಿಗೆಂದೇ, ಚಕ್ರದ ಬದಲು ಚೈನಿನ ಮೇಲೆ ಹರಿಯುವ ಈ ಬುಲ್ಡೋಜರಿಗೆಂದೇ ಗೊತ್ತುಮಾಡಿದ ಡ್ರೈವರು, ಬಾಯಲ್ಲಿ ಎಲೆಯಡಿಕೆ, ಕಣ್ಣಲ್ಲಿ ನಗು — ಎಮ್ಮೆ ಅನ್ನಬೇಡ ಮೋನಪ್ಪ ಎಂದು ಹೇಳಬೇಕೆನಿಸುತ್ತದೆ, ಹೇಳುವುದಿಲ್ಲ, ಮಧ್ಯಾಹ್ನಕ್ಕೆ ಕಂಟ್ರಾಕ್ಟರ್ ಮುದಲಿಯಾರ್ ಬರುತ್ತಾರೆ, ಗಾಡಿಯ ಯಜಮಾನರು, ಅವರ ಕಣ್ಣೆದುರು ಇದು ಒಂದು ಗಂಟೆ ನಿಲ್ಲದೆ ಓಡಬೇಕು, ಓಡಿದರೆ ನಾಳೆ ನಡುವಕ್ಕರೆಗೆ, ಅಲ್ಲಿ ಗದ್ದೆಗಳನ್ನೆಲ್ಲ ಸಮ ಮಾಡಿ ಹೊಸ ಬಡಾವಣೆ ಕಟ್ಟುತ್ತಾರಂತೆ, ಅಗಲ ರಸ್ತೆ, ಸಾಲು ಮನೆ, ಆ ರಸ್ತೆಯ ಮೊದಲ ಗೆರೆ ಎಳೆಯುವುದು ಇವನು ಎಬ್ಬಿಸಿದ ಗಾಡಿ, ಓಡದಿದ್ದರೆ ನಾಳೆ ಹಳೇ ಕಬ್ಬಿಣದವರು ಗ್ಯಾಸ್ ಕಟ್ಟರ್ ಹೊತ್ತುಕೊಂಡು ಬರುತ್ತಾರೆ, ಎನ್ನಪ್ಪಾ ಹರಿದಾಸು, ವಂಡಿ ಓಡುಮಾ, ಇಲ್ಲಾಟ್ಟಿ ವೆಟ್ಟಿಡಲಾಮಾ, ಓಡುತ್ತದೋ ಇಲ್ಲ ಕತ್ತರಿಸಿಬಿಡೋಣವೋ ಎಂದು ಮುದಲಿಯಾರ್ ಕೇಳಿದ್ದು ಕ್ಷೌರದ ಮಾತಿನಷ್ಟು ಸಲೀಸಾಗಿ, ಓಡುಂ ಸಾರ್ ಎಂದುಬಿಟ್ಟಿದ್ದ ಇವನು, ಅಷ್ಟು ಬೇಗ ಎಂದದ್ದಕ್ಕೆ ಆಮೇಲೆ ಊಟ ಸೇರಿರಲಿಲ್ಲ.

ಆದರೆ ಓಡಿತ್ತಲ್ಲ, ಆಯುಧಪೂಜೆಯ ಹಿಂದಿನ ದಿನ ಇಡೀ ಹಗಲು ಓಡಿತ್ತಲ್ಲ, ಅದು ಸುಳ್ಳಲ್ಲ, ನೋಡಿದ ಮೋನಪ್ಪ ಇದ್ದಾನೆ, ಶೆಡ್ಡಿನ ನೆಲದಲ್ಲಿ ಚೈನಿನ ಹಲ್ಲಿನ ಗುರುತಿದೆ — ಮಹಾಯುದ್ಧ ಮುಗಿದ ಮೇಲೆ ಇಪ್ಪತ್ತು ವರ್ಷ ಪಲ್ಲಾವರದಾಚೆಯ ಬಯಲಲ್ಲಿ ಬಿದ್ದಿದ್ದ ಅಮೆರಿಕದ ಕಬ್ಬಿಣ, ಮೊದಲ ಸಲ ಕಂಡಾಗ ಸೀಟಿನ ಜಾಗದಲ್ಲಿ ಬೇವಿನ ಗಿಡ ಎದ್ದಿತ್ತು, ಹೊಗೆಕೊಳವೆಯೊಳಗೆ ಅಳಿಲು ಸಂಸಾರ ಹೂಡಿತ್ತು, ಚೈನು ಬೇರುಬಿಟ್ಟ ಹಾಗೆ ಮಣ್ಣು ಕಚ್ಚಿತ್ತು, ಎಲ್ಲರೂ ನಕ್ಕರು, ಅವನಿಗೂ ನಗು ಬರಬೇಕಿತ್ತು, ಬರಲಿಲ್ಲ, ಪಿಸ್ಟನ್ನುಗಳು ತುಕ್ಕು ಹಿಡಿದು ಸಿಲಿಂಡರಿಗೆ ಅಂಟಿಕೊಂಡಿವೆ, ಸೀಮೆಎಣ್ಣೆ ಹರಳೆಣ್ಣೆ ಬೆರೆಸಿ ಸುರಿದು ಕಾಯುತ್ತಾನೆ, ಸುತ್ತಿಗೆ ಎತ್ತಿದವರ ಕೈ ಹಿಡಿಯುತ್ತಾನೆ, ಮರದ ತುಂಡಿಟ್ಟು ಮೆಲ್ಲಗೆ, ನೋವಾಗದ ಹಾಗೆ, ದಿನಕ್ಕೊಂದಿಷ್ಟು, ಒಂದು ಬೆಳಗ್ಗೆ ಕೂದಲೆಳೆಯಷ್ಟು ಕದಲಿತು, ಆ ಕೂದಲೆಳೆಗೆ ಕಣ್ಣು ತುಂಬಿ ಬಂತು, ಯಾರೂ ನೋಡಲಿಲ್ಲ ತಾನೇ ಎಂದು ಸುತ್ತ ನೋಡಿದ್ದ. ಇಂಥ ಹಳೆಯ ಡೀಸೆಲ್ಲನ್ನು ಎಬ್ಬಿಸಲು ಅದರ ಪಕ್ಕೆಯಲ್ಲೇ ಒಂದು ಪುಟ್ಟ ಪೆಟ್ರೋಲ್ ಎಂಜಿನ್ ಇರುತ್ತದೆ, ಹಗ್ಗ ಸುತ್ತಿ ಎಳೆದರೆ ಮರಿ ಎದ್ದು ಅರಚುತ್ತದೆ, ಮರಿಯ ಅರಚಾಟಕ್ಕೆ ತಾಯಿ ಮಗ್ಗುಲು ಬದಲಿಸುತ್ತದೆ, ಗುಡುಗುತ್ತದೆ, ಆ ಮೊದಲ ಗುಡುಗು ಅವನ ಹೊಟ್ಟೆಯೊಳಗೆ ಇನ್ನೂ ಇದೆ, ನಾನು ಎಂದುಕೊಂಡಿದ್ದ ಆಗ, ಇದು ನಾನು, ಬೇರೆ ಯಾರೂ ಅಲ್ಲ — ತಂಬುಚೆಟ್ಟಿ ಬೀದಿಯ ಸೀತಾರಾಮ ಮಾವ ಅದನ್ನು ಕೇಳಿಸಿಕೊಳ್ಳಬೇಕಿತ್ತು, ಅಮ್ಮನ ಅಣ್ಣ, ಹೋಟೆಲಿನ ಯಜಮಾನ, ಅಪ್ಪ ಅಲ್ಲೇ ಒಲೆಯ ಮುಂದೆ, ಅಮ್ಮ ಹಿಂದಿನ ಕೋಣೆಯಲ್ಲಿ ವಡೆಗೆ ಕೂತವಳು, ಇವನೂ ಮೀಸೆ ಮೂಡುವವರೆಗೆ ಅಲ್ಲೇ ಲೋಟ ತೊಳೆದವನು, ಅಂಗಡಿಯಿಂದ ಬಂದ ಎಣ್ಣೆ ಡಬ್ಬಗಳ ಬಾಯಿ ಒಡೆದವನು, ಸಂಜೆಯ ಗಿರಾಕಿ ಬಿಟ್ಟು ಕ್ಲಾಸಿಗೆ ಓಡಿ ಮಾವನ ಬಾಯಿಗೆ ಬಿದ್ದವನು. ಎಂತ ಹರಿದಾಸ, ಗಲ್ಲಾದಲ್ಲಿ ಫ್ಯಾನಿನ ಅಡಿಗೆ ಕೂತುಕೊಳ್ಳುವುದು ಬಿಟ್ಟು ಆ ಎಣ್ಣೆಯಲ್ಲಿ ಹೊರಳುವುದಾ, ಎಣ್ಣೆಯೇ ಬೇಕಾದರೆ ನಮ್ಮಲ್ಲಿ ಬಾಣಲೆ ಇಲ್ಲವಾ. ಎಲ್ಲರೂ ನಗುತ್ತಾರೆ, ಅಪ್ಪನೂ ನಗುತ್ತಾನೆ, ಅಮ್ಮ ಮಾತ್ರ ನಗುವುದಿಲ್ಲ, ತಲೆ ತಗ್ಗಿಸಿ ಬಾಳೆಲೆಯ ಚೂರಿನ ಮೇಲೆ ಹಿಟ್ಟಿಡುತ್ತಾಳೆ, ಹೆಬ್ಬೆರಳು ನೀರಿಗದ್ದಿ ನಡುವೆ ಒಂದು ಒತ್ತು, ಎಣ್ಣೆಗೆ ಜಾರಿಸುತ್ತಾಳೆ, ಮತ್ತೊಂದು, ತೂತು ಇಲ್ಲದಿದ್ದರೆ ನಡು ಬೇಯುವುದಿಲ್ಲ ಮಾಣಿ, ಹಸಿ ಉಳಿಯುತ್ತದೆ, ಆ ಹೆಬ್ಬೆರಳಿನ ತುದಿ ಚಪ್ಪಟೆಯಾಗಿದೆ, ಊರಿನವರು ಮಗ ಎಲ್ಲಿ ಎಂದು ಕೇಳಿದರೆ ಕಂಪೆನಿಯಲ್ಲಿ ಇದ್ದಾನೆ ಎಂದಷ್ಟೇ ಹೇಳುತ್ತಾಳೆ, ಯಾವ ಕಂಪೆನಿ, ಏನು ಕೆಲಸ ಎಂದು ಕೇಳುವ ಮೊದಲೇ ಮಜ್ಜಿಗೆ ತರಲು ಒಳಗೆ ಹೋಗುತ್ತಾಳೆ, ಶೆಡ್ಡಿಗೆ ಒಂದು ದಿನವೂ ಬಂದವಳಲ್ಲ.

ಆ ಒಂದು ದಿನದವರೆಗೆ — ಆಯುಧಪೂಜೆಯ ಬೆಳಗ್ಗೆ ಗೇಟಿನ ಮುಂದೆ ರಿಕ್ಷಾ ನಿಂತಿತು, ಅಮ್ಮ ಇಳಿದಳು, ಕೈಯಲ್ಲಿ ಹೂವಿನ ಬುಟ್ಟಿ, ಬಟ್ಟಲಲ್ಲಿ ಮನೆಯಲ್ಲೇ ತೇಯ್ದ ಗಂಧ, ನೀರು ನೀರಾಗಿ ಅಲ್ಲ, ದೇವರಿಗೆ ತೇಯುವ ಹಾಗೆ ಗಟ್ಟಿಯಾಗಿ, ಇವನಿಗೆ ಮೊದಲು ಹೆದರಿಕೆ, ಯಾರಿಗೆ ಏನಾಯಿತೋ ಎಂದು, ಅವಳು ನೇರ ಒಳಗೆ ಬಂದು ಗಾಡಿಯ ಮುಂದೆ ನಿಂತಳು, ಹಳದಿ ಬಣ್ಣ ಎರಡು ಕೈ ಹೊಡೆದು ಇವನೇ ಬಟ್ಟೆಯಿಂದ ಉಜ್ಜಿ ಮಿಂಚಿಸಿದ್ದ, ಕೆಳಗಿನಿಂದ ಮೇಲಿನವರೆಗೆ ನೋಡಿದಳು, ಇಷ್ಟು ದೊಡ್ಡದಾ. ಹೌದಮ್ಮ. ಇದನ್ನು ನೀನೇ ಎಬ್ಬಿಸಿದ್ದಾ. ಇವನು ಬಾಯಿ ತೆರೆಯುವ ಮೊದಲೇ ಮೋನಪ್ಪ ಹೇಳಿದ, ಅವರೇ ಅಮ್ಮ, ಮತ್ತೆ ಯಾರು, ನಮ್ಮದೆಲ್ಲ ಬರೀ ತಿರುಗಿಸುವ ಕೆಲಸ. ಅಮ್ಮ ಬಟ್ಟಲು ಹಿಡಿದು ಸುತ್ತ ಒಂದು ಸುತ್ತು ಬಂದಳು, ಎಲ್ಲಿ ಹಚ್ಚುವುದೆಂದು ತಿಳಿಯದೆ, ದೀಪಕ್ಕಾದರೆ ಗೊತ್ತು, ತಕ್ಕಡಿಗಾದರೆ ಗೊತ್ತು, ರುಬ್ಬುವ ಕಲ್ಲಿಗಾದರೆ ಗೊತ್ತು, ಇದರ ಹಣೆ ಎಲ್ಲಿ ಉಂಟು ಮಾಣಿ? ಅವನು ಯೋಚಿಸಲೂ ಇಲ್ಲ, ಸೀಟಿನ ಹಿಂದಿನ ಡೀಸೆಲ್ ಟ್ಯಾಂಕಿನ ಮುಚ್ಚಳ, ಗುಂಡಗೆ, ಉಬ್ಬಿಕೊಂಡು, ಬಿಸಿಲಲ್ಲಿ ಹೊಳೆಯುತ್ತಿತ್ತು, ಅಗೋ ಅಮ್ಮ, ಅದೇ ಹಣೆ. ಅವಳು ಸೀರೆಯ ನಿರಿಗೆ ಸಿಕ್ಕಿಸಿಕೊಂಡಳು, ಚೈನಿನ ಮೇಲೆ ಕಾಲಿಟ್ಟಳು, ಮೋನಪ್ಪ ಅಮ್ಮಾ ಅಮ್ಮಾ ಎಂದು ಆ ಕಡೆ, ಇವನು ಈ ಕಡೆ ಕೈಹಿಡಿದು, ಏರಿದಳು, ಮುಚ್ಚಳದ ನಟ್ಟನಡುವೆ ಹೆಬ್ಬೆರಳು ಒತ್ತಿ ಗಂಧ, ಅದರ ಮೇಲೆ ಕುಂಕುಮ, ಮಗುವಿಗೆ ಬೊಟ್ಟಿಟ್ಟಂತೆ ಒಂದು ಗಳಿಗೆ ಬೆರಳು ತೆಗೆಯದೆ — ಆ ದಿನ ಉಪಕರಣ ಮುಟ್ಟುವಂತಿಲ್ಲ, ಯಂತ್ರಕ್ಕೂ ವಿಶ್ರಾಂತಿ, ಮಾರನೆಯ ದಿನ ವಿಜಯದಶಮಿ, ನಿಂಬೆಹಣ್ಣು ಚೈನಿನಡಿಗೆ ಇಟ್ಟು ಎಬ್ಬಿಸಿದರು, ಎದ್ದಿತು, ನಿಂಬೆಹಣ್ಣು ಪಿಚ್ಚನೆ ಒಡೆಯಿತು, ಗೇಟಿನವರೆಗೆ ಹೋಗಿ ಕೆಮ್ಮಿತು. ಅಂದಿನಿಂದ ದಿನವೂ ಇದೇ. ದಿನವೂ ಅಮ್ಮ ಊಟ ಬಡಿಸುತ್ತ ಕೇಳುವುದೂ ಒಂದೇ, ಓಡಿತಾ? ಓಡಿತು ಅಮ್ಮ. ಗಂಧ ಉಂಟಾ ಇನ್ನೂ? ಉಂಟು. ಮೊದಲನೆಯದು ಪೂರ್ತಿ ಸುಳ್ಳಲ್ಲ, ಓಡುತ್ತದಲ್ಲ, ಕಾಫಿ ಆರುವಷ್ಟು ಹೊತ್ತು ಓಡುತ್ತದೆ, ಎರಡನೆಯದು ನೋಡದೆಯೇ ಹೇಳಿದ್ದು.

ಪೂಜೆಯಲ್ಲಿ ಎಂತದೋ ಕಮ್ಮಿ ಆಗಿದೆ ಮಾರಾಯ್ರೇ, ಒಂದು ಕುಂಬಳಕಾಯಿ ಒಡೆಯುವ, ಎನ್ನುತ್ತಾನೆ ಮೋನಪ್ಪ ಕೆಳಗಿಳಿಯುತ್ತ, ದೃಷ್ಟಿ, ನಿಮ್ಮದೇ ದೃಷ್ಟಿ ತಾಗಿರಬೇಕು, ಹೊತ್ತು ಹೊತ್ತಿಗೂ ಹೀಗೆ ಅದನ್ನೇ ನೋಡುತ್ತ ನಿಂತರೆ — ಇರಬಹುದು, ಜಂಬ ಬಂದಿತ್ತು, ಬಂದಿಲ್ಲವೆಂದರೆ ಸುಳ್ಳು, ಕುಂಬಳಕಾಯಿ ಆಮೇಲೆ, ಮೊದಲು ಸಂಜೆ ಕ್ಲಾಸಿನ ಮೇಷ್ಟ್ರು ಹೇಳಿದ್ದು, ಡೀಸೆಲ್ಲು ನಿಂತರೆ ಎರಡೇ, ಎಣ್ಣೆ ಬರುತ್ತಿಲ್ಲ, ಇಲ್ಲವೇ ಎಣ್ಣೆಯ ದಾರಿಯಲ್ಲಿ ಗಾಳಿ ಸೇರಿದೆ, ಗಾಳಿ ಶತ್ರು, ನಳಿಗೆಯೊಳಗೆ ಒಂದು ಗುಳ್ಳೆ ಸಾಕು, ಹಾಗೆಂದು ಪ್ರತಿ ಸಲವೂ ನಟ್ಟು ಸಡಿಲಿಸಿ ಗುಳ್ಳೆ ಹೊರಡಿಸಿದ್ದಾಯಿತು, ಫಿಲ್ಟರ್ ತೊಳೆದದ್ದಾಯಿತು, ಟ್ಯಾಂಕಿನ ಮುಚ್ಚಳ ತೆಗೆದು ಕೋಲು ಇಳಿಸಿ ಎಣ್ಣೆ ಇದೆಯೆಂದು ನೋಡಿದ್ದಾಯಿತು, ಅಷ್ಟು ಮಾಡಿದರೆ ಏಳುತ್ತದೆ, ಓಡುತ್ತದೆ, ಸಾಯುತ್ತದೆ, ಇನ್ನು ಉಳಿದದ್ದು ಪಂಪು, ಸ್ಪ್ಯಾನರು ಕೈಯಲ್ಲಿದೆ, ಪಂಪಿನ ಬೋಲ್ಟಿನ ತಲೆಗೆ ಕೂರಿಸಿದ್ದಾನೆ, ಇದನ್ನು ಬಿಚ್ಚಿದರೆ ಇವತ್ತಿಗೆ ಕೂಡಿಸಲಾಗದು, ಬಿಚ್ಚುವುದೆಂದರೆ ಒಪ್ಪಿಕೊಂಡ ಹಾಗೆ, ಮುದಲಿಯಾರರ ಮುಂದೆ, ಮಾವನ ಮುಂದೆ, ನನಗೆ ಗೊತ್ತಿಲ್ಲವೆಂದು, ಆಮೇಲೆ ಗಲ್ಲಾ, ಫ್ಯಾನು, ಬಿಳಿ ಪಂಚೆ, ಚಿಲ್ಲರೆ ಇಲ್ಲ ಸಾರ್ — ಕೈ ತಿರುಗಲಿಲ್ಲ. ಇನ್ನೊಂದು ಸಲ ಎಣ್ಣೆ ನೋಡಿಬಿಡೋಣ, ಸುಮ್ಮನೆ, ಸ್ವಲ್ಪ ಹೊತ್ತು ತಳ್ಳಲು, ಹೇಡಿ, ಚೈನು ಹತ್ತಿ ಮುಚ್ಚಳಕ್ಕೆ ಕೈಹಾಕಿ ತಿರುಗಿಸುತ್ತಾನೆ, ಬೇಸಿನ್ ಬ್ರಿಡ್ಜಿನ ರೈಲುಗಳೂ ಈಗ ಸುಮ್ಮನಿವೆ, ಪಕ್ಕದ ಶೆಡ್ಡಿನ ಸುತ್ತಿಗೆಯೂ ಊಟಕ್ಕೆ ಹೋಗಿದೆ, ಆ ಮೌನದಲ್ಲಿ ಮುಚ್ಚಳ ಸಡಿಲವಾದದ್ದೇ ಉಸ್ಸ್ — ಉದ್ದಕ್ಕೆ, ಒಳಕ್ಕೆ, ಯಾರೋ ನೀರಿನಡಿಯಿಂದ ತಲೆಯೆತ್ತಿ ಉಸಿರೆಳೆದ ಹಾಗೆ. ಕೇಳಿದೆಯಾ ಮೋನಪ್ಪ. ಎಂತ? ಉಸಿರೆಳೆಯಿತು. ದೆವ್ವ ಉಂಟೋ ಹೇಗೆ ಮತ್ತೆ, ಎಂದು ಮೋನಪ್ಪ ಒಂದು ಹೆಜ್ಜೆ ಹಿಂದೆ, ಇವನ ಕಣ್ಣ ಮುಂದೆ ಮಾತ್ರ ಹೋಟೆಲಿನ ಕಡಲೆಎಣ್ಣೆ ಡಬ್ಬ, ಹುಡುಗನಾಗಿದ್ದಾಗ ಮೊದಲ ದಿನ ಒಂದೇ ತೂತು ಹೊಡೆದು ಬಗ್ಗಿಸಿದ್ದ, ಎಣ್ಣೆ ಗುಳುಕ್ ಎಂದು ಬಂದು ನಿಂತುಹೋಯಿತು, ಮತ್ತೆ ಗುಳುಕ್, ಮತ್ತೆ ನಿಂತಿತು, ಅಪ್ಪ ತಲೆಗೆ ಮೊಟಕಿ ಎದುರು ಮೂಲೆಗೆ ಮೊಳೆಯಿಟ್ಟು ಇನ್ನೊಂದು ಹೊಡೆದ, ಅದಕ್ಕೂ ಉಸಿರು ಬೇಡವೇನೋ ದಡ್ಡಾ, ಗಾಳಿ ಒಳಗೆ ಹೋದರಲ್ಲವಾ ಎಣ್ಣೆ ಹೊರಗೆ ಬರುವುದು — ಗಾಳಿ ಇರಬಾರದ ಕಡೆಯೆಲ್ಲ ಗಾಳಿ ಹುಡುಕಿದ್ದಾಯಿತು, ಇರಬೇಕಾದ ಕಡೆ ನೋಡಿದವನು ಯಾರು, ಪ್ರತಿ ಸಲ ಅದನ್ನು ಎಬ್ಬಿಸಿದ್ದು ಮುಚ್ಚಳ ತೆಗೆದಾಗ ಒಳಹೊಕ್ಕ ಗಾಳಿ, ಎಣ್ಣೆ ಖಾಲಿಯಾದಷ್ಟೂ ಗಾಳಿ ಎಳೆದುಕೊಳ್ಳಲು ಟ್ಯಾಂಕಿಗೊಂದು ಉಸಿರುತೂತು ಇರಬೇಕು, ಇತ್ತು, ಬಣ್ಣ ಹೊಡೆಯುವಾಗ ಇವನೇ ಬೆಂಕಿಕಡ್ಡಿ ಸಿಕ್ಕಿಸಿ ಕಾಪಾಡಿಕೊಂಡಿದ್ದ, ಸಾಸಿವೆಯಷ್ಟು, ಮುಚ್ಚಳದ ನಟ್ಟನಡುವೆ.

ನಟ್ಟನಡುವೆ. ಮುಚ್ಚಳ ಅಂಗೈಯಲ್ಲಿದೆ, ಹಳದಿಯ ಮೇಲೆ ಹಳದಿ, ಅದಕ್ಕೇ ಕಣ್ಣಿಗೆ ಬಿದ್ದಿರಲಿಲ್ಲ, ಕುಂಕುಮ ಉದುರಿ ಗಂಧ ಮಾತ್ರ ಉಳಿದಿದೆ, ಎಂಜಿನ್ನಿನ ಬಿಸಿಗೂ ಬಿಸಿಲಿಗೂ ಸುಟ್ಟ ಮಣ್ಣಿನಂತೆ ಗಟ್ಟಿ, ಅದರಲ್ಲಿ ಹೆಬ್ಬೆರಳಿನ ಗೆರೆಗಳು ಸುತ್ತಿ ಸುತ್ತಿ, ಚಪ್ಪಟೆ ತುದಿ, ಅದೇ ಹಣೆ ಅಮ್ಮ ಎಂದು ತೋರಿಸಿದವನು ಯಾರು, ತೂತಿಲ್ಲದಿದ್ದರೆ ನಡು ಬೇಯುವುದಿಲ್ಲ ಮಾಣಿ — ನಗು ಬರುತ್ತಿದೆ, ಎದೆಯೊಳಗಿನಿಂದ, ಅಳುವಿನಂಥ ನಗು, ಪಂಪು ಸರಿಯಾಗಿಯೇ ಇತ್ತು, ಸ್ಪ್ರಿಂಗು ಸರಿಯಾಗಿಯೇ ಇತ್ತು, ಕೂಡಿಸಿದ್ದೆಲ್ಲ ಸರಿಯಾಗಿತ್ತು, ನಾನು ತಪ್ಪಿರಲಿಲ್ಲ, ಆ ಮಾತನ್ನು ತನಗೆ ತಾನೇ ಹಿಂದೆಂದೂ ಹೇಳಿಕೊಂಡವನಲ್ಲ. ಕೆರೆದುಹಾಕಿ ಮಾರಾಯ್ರೇ, ಎಂತ ನೋಡುವುದು, ಮೋನಪ್ಪ ತನ್ನ ಚಾಕು ಚಾಚುತ್ತಾನೆ, ಮುದಲಿಯಾರರ ಕಾರಿನ ಹಾರ್ನು ಗೇಟಿನ ಹತ್ತಿರ, ಎರಡು ಸಲ, ಕೆರೆದರೆ ಒಂದು ಕ್ಷಣದ ಕೆಲಸ, ಸಂಜೆ ಅಮ್ಮ ಕೇಳುತ್ತಾಳೆ, ಗಂಧ ಉಂಟಾ ಇನ್ನೂ, ಅವಳಿಗೆ ಹೇಳಿದರೆ, ನಿನ್ನ ಬೊಟ್ಟಿನಿಂದಲೇ ನಿಂತದ್ದು ಎಂದು ತಮಾಷೆಗೆ ಹೇಳಿದರೂ, ಇನ್ನೊಮ್ಮೆ ಆ ಕಾಲು ಈ ಚೈನನ್ನು ಏರುವುದಿಲ್ಲ, ಅವನು ಚಾಕು ತೆಗೆದುಕೊಳ್ಳುವುದಿಲ್ಲ, ಅಂಗಿಯ ಜೇಬಿನಿಂದ ಸಪೂರ ತಂತಿಯ ಚೂರು, ನಾಝಲ್ಲಿನ ತೂತಿನ ಕಸ ತೆಗೆಯುವುದು, ಮುಚ್ಚಳವನ್ನು ಮಗ್ಗುಲಾಗಿಸಿ ಒಳಗಿನಿಂದ ಹೊರಕ್ಕೆ, ಮೆಲ್ಲಗೆ, ತುಕ್ಕು ಹಿಡಿದ ಪಿಸ್ಟನ್ನಿಗೆ ಮಾಡಿದಷ್ಟೇ ಮೆಲ್ಲಗೆ, ಬಿರುಕು ಬಿಡಬಾರದು, ಗೆರೆ ಅಳಿಯಬಾರದು, ಟಕ್ಕೆಂದು ಒಂದು ಕಣ ಗಂಧ ಹಾರಿತು, ಬೆಳಕು ಬಂತು. ಹಗ್ಗ ಸುತ್ತು ಮೋನಪ್ಪ. ಮರಿ ಅರಚಿತು, ತಾಯಿ ಎದ್ದಿತು, ಮುದಲಿಯಾರ್ ಮಡಿಚಿದ ಕೊಡೆಯ ಮೇಲೆ ಕೈಯೂರಿ ನಿಂತರು, ಕಾಫಿ ಆರುವ ಹೊತ್ತು ಬಂತು, ಹೋಯಿತು, ಹರಿದಾಸನ ಬೆನ್ನಿನ ಬೆವರು ಒಣಗಿತು, ಮೋನಪ್ಪ ಗಾಡಿಯನ್ನು ಗೇಟಿನಿಂದ ಶೆಡ್ಡಿಗೆ, ಶೆಡ್ಡಿನಿಂದ ಗೇಟಿಗೆ, ಮದುವೆ ಮೆರವಣಿಗೆಯವನ ಗತ್ತಿನಲ್ಲಿ, ನೆಲ ನಡುಗುತ್ತಿದೆ, ಅಂಗಾಲಿನಿಂದ ಹಲ್ಲಿನವರೆಗೆ ನಡುಗುತ್ತಿದೆ, ಇದು ನಾನು, ಪಕ್ಕದ ಶೆಡ್ಡಿನವರು ಕೈತೊಳೆಯದೆ ಎದ್ದು ಬಂದಿದ್ದಾರೆ, ಒಂದು ಗಂಟೆ ತುಂಬಿತು, ಮುದಲಿಯಾರ್ ಕಿವಿಯ ಹತ್ತಿರ ಬಂದು ಕೂಗುತ್ತಾರೆ, ಎನ್ನಪ್ಪಾ ಪಣ್ಣೇ, ಏನು ಮಾಡಿದೆಯೋ, ನಾಳೆ ಬೆಳಗ್ಗೆ ನೀನೂ ಜೊತೆಗೆ ಬಾ ನಡುವಕ್ಕರೆಗೆ, ಅವನು ಬಾಯಿ ತೆರೆಯುತ್ತಾನೆ, ಕಾತ್ತು ಸಾರ್, ಗಾಳಿ, ಅಷ್ಟೇ, ಉಳಿದದ್ದು ಗುಡುಗಿನಲ್ಲಿ ಮುಳುಗಿತು, ಮುಳುಗಲಿ, ಓಡಿತಾ, ಓಡಿತು ಅಮ್ಮ, ಈ ಸಲ ಪೂರ್ತಿ ನಿಜ, ಗಂಧ ಉಂಟಾ, ಗಾಡಿ ತಿರುಗಿತು, ಬೆನ್ನು ತೋರಿಸಿತು, ಸೀಟಿನ ಹಿಂದೆ ಮುಚ್ಚಳ, ಬಿಸಿಲು ಓರೆಯಾಗಿ ಬಿದ್ದಿದೆ, ಉಂಟು — ಹಳದಿಯ ಮೇಲೆ ಹಳದಿ, ಹೆಬ್ಬೆರಳಿನ ಗೆರೆ, ಗೆರೆಯ ನಡುವೆ ಸಾಸಿವೆಯಷ್ಟು ಕಪ್ಪು ತೂತು, ಉಸಿರಾಡುತ್ತಿದೆ, ಅಮ್ಮನ ಹೆಬ್ಬೆರಳು, ನಡುವೆ ತೂತು.